ಲಿವರ್‌ಪೂಲಿನ ಕಿಟಕಿ, ಬೈಲಹೊಂಗಲದ ಸಕ್ಕರಿ ಆನೆ

ಬೈಲಹೊಂಗಲ

ವಿಲಾಯತಿಗೆ ಹೋಗಿಬಂದವನನ್ನು ಜನ ಕೇಳುವುದು ಎರಡೇ ಮಾತು: ಅಲ್ಲಿ ಏನು ತಿಂದಿರಿ, ಅಲ್ಲಿಂದ ಏನು ತಂದಿರಿ. ಪೇಟೆಯ ಕಟ್ಟೆಯ ಮೇಲೆ ಕುಳಿತು ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಆದ್ದರಿಂದ ಬರೆದೇ ಬಿಡುತ್ತೇನೆ. ತಿಂದದ್ದು ಮನೆಯಿಂದ ಒಯ್ದ, ಒಣಗಿಸಿ ಗರಿಗರಿ ಮಾಡಿದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ. ತಂದದ್ದು ತೆಂಗಿನಕಾಯಿಯಷ್ಟು ದೊಡ್ಡ ಒಂದು ಸಕ್ಕರೆಯ ಮುದ್ದೆ. ಇಷ್ಟಕ್ಕೆ ಸಮುದ್ರ ದಾಟಬೇಕಿತ್ತೇ ಎಂದು ನಗುವವರು ಮುಂದೆ ಓದಿರಿ.

ಈಗ ಅರಳೆ ಪೇಟೆಯಲ್ಲಿ ನನ್ನನ್ನು ಸಾವಕಾರ ಎಂದು ಕರೆಯುತ್ತಾರೆ. ನಾನು ಹುಟ್ಟಿದಾಗ ನಮ್ಮ ಮನೆಯಲ್ಲಿದ್ದ ಆಸ್ತಿ ಎಂದರೆ ಸಾಗವಾನಿಯ ಹನ್ನೆರಡು ಅಚ್ಚು. ಸಕ್ಕರಿ ಆರತಿಯ ಅಚ್ಚು. ಬೇರೆ ಸೀಮೆಯವರಿಗೆ ತಿಳಿಯಲೆಂದು ಹೇಳುತ್ತೇನೆ: ದೀಪಾವಳಿಯಾಗಿ ಹದಿನೈದು ದಿನಕ್ಕೆ ಬರುವ ಗೌರಿ ಹುಣ್ಣಿಮೆಯ ಸಂಜೆ ನಮ್ಮ ಹೆಣ್ಣುಮಕ್ಕಳು ತಾಟಿನಲ್ಲಿ ಸಕ್ಕರೆಯ ಆನೆ, ಕುದುರೆ, ನವಿಲು, ಗೋಪುರ ಇಟ್ಟು, ದೀಪ ಹಚ್ಚಿಕೊಂಡು, ಹಾಡುತ್ತ ಗೌರಿಗೆ ಬೆಳಗಲು ಹೋಗುತ್ತಾರೆ. ಆ ಬೊಂಬೆಗಳನ್ನು ಎರೆದು, ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು ಕಿತ್ತೂರ, ಸವದತ್ತಿ, ರಾಮದುರ್ಗದ ಸಂತೆಗಳಿಗೆ ನಡೆದವನು ನಾನು. ಕಿತ್ತೂರಿನ ಕೋಟೆಯ ಮುರಿದ ಗೋಡೆಯ ನೆರಳಿನಲ್ಲಿ ಬುಟ್ಟಿ ಇಳಿಸಿ ಕುಳಿತರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಹಾಗೆ ಖಾಲಿಯಾದ ಬುಟ್ಟಿಯಿಂದಲೇ ನಾನು ಅರಳೆ ವ್ಯಾಪಾರಕ್ಕೆ ಬಂದದ್ದು.

ಸಕ್ಕರೆಯ ಬೊಂಬೆಗೆ ಆಯುಷ್ಯ ಕಡಿಮೆ. ಹಸಿ ಗಾಳಿ ತಾಗಿದರೆ ಬೆವರುತ್ತದೆ, ಇರುವೆ ಬರುತ್ತದೆ. ಆದ್ದರಿಂದ ಹುಣ್ಣಿಮೆ ನಾಲ್ಕು ದಿನ ಇರುವಾಗ ಎರೆಯುತ್ತೇವೆ, ಅದಕ್ಕೂ ಮೊದಲು ಎರೆಯುವುದಿಲ್ಲ. ನಮ್ಮ ಪೇಟೆಯಲ್ಲಿ ಎಲ್ಲ ಹಬ್ಬಗಳದೂ ಇದೇ ರೀತಿ. ಅಂಗಡಿಯ ಮುಂದೆ ಜೋಕಾಲಿಯ ಹಗ್ಗ ತೂಗಿದರೆ ನಾಳೆ ನಾಡಿದ್ದು ನಾಗರ ಪಂಚಮಿ. ಕುಸುರೆಳ್ಳು ಬಂದರೆ ಸಂಕ್ರಾಂತಿ ಬಾಗಿಲಲ್ಲಿದೆ. ಪಂಚಾಂಗ ಓದಲು ಬಾರದವನು ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ತಿಥಿ ತಿಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಡಿರಿ. ನನ್ನನ್ನು ಕೆಡವಿದ್ದು ಇದೇ.

ಸಕ್ಕರೆಯ ಕೆಲಸ ಬಿಟ್ಟು ವರ್ಷಗಳಾದರೂ ಮಗಳು ನೀಲವ್ವನ ಆರತಿಯ ಆನೆಯನ್ನು ಮಾತ್ರ ನಾನೇ ಎರೆಯುತ್ತಿದ್ದೆ. ಉಳಿದದ್ದನ್ನು ಅವಳ ತಾಯಿ ಗುರವ್ವ ಎರೆಯುತ್ತಿದ್ದಳು. ಆ ವರ್ಷ ನೀಲವ್ವನಿಗೆ ರಾಮದುರ್ಗದಲ್ಲಿ ಗಂಡು ಗೊತ್ತಾಗಿತ್ತು. ಉಗಾದಿಯಾದ ಮೇಲೆ ಮದುವೆ. ಅಂದರೆ ಅದು ನಮ್ಮ ಮನೆಯಲ್ಲಿ ಅವಳ ಕಡೆಯ ಗೌರಿ ಹುಣ್ಣಿಮೆ.

ಅದೇ ವರ್ಷ ಮುಂಬಯಿಯ ಅರಳೆ ಕಂಪನಿಯಿಂದ ನನಗೆ ಕರೆ ಬಂತು. ನಮ್ಮ ಸೀಮೆಯ ಅರಳೆಯಲ್ಲಿ ಮೋಟು ಎಳೆಯ ಬೇರೆ ಅರಳೆ ಬೆರೆಸುತ್ತಾರೆಂದು ಲಿವರ್‌ಪೂಲಿನ ದಲಾಲರ ತಕರಾರು. ಬೆರಕೆ ಯಾವುದು, ಸಾಚಾ ಯಾವುದು ಎಂದು ಕಣ್ಣುಮುಚ್ಚಿ ಬೆರಳಿನಿಂದ ಹೇಳುವವನೆಂದು ನನಗೆ ಹೆಸರಿತ್ತು. ಹೋಗಿ ತೋರಿಸಿ ಬಾ ಎಂದರು.

ಬಂಡಿ ಹೂಡುವಾಗ ನೀಲವ್ವ ಬಂದು ನೊಗ ಹಿಡಿದು ನಿಂತಳು.

"ಯಪ್ಪಾ, ಗೌರಿ ಹುಣ್ಣಿಮಿಗಿ ಬರ್ತೀ ಹೌದಲ್ಲ?"

"ಬರ್ತೇನವ್ವ."

"ಬರ್ಲಿಲ್ಲಂದ್ರ?"

"ನಾ ಮಾತು ಕೊಟ್ಟು ತಪ್ಪಿದ್ದು ಯಾವಾಗರ ನೋಡೀಯೇನು?"

"ಆನಿ ಅಚ್ಚು ಯಾರೂ ಮುಟ್ಟಬಾರ್ದಂತ ಅವ್ವಗ ಹೇಳೇನಿ. ನೀನಽ ಬಂದು ಎರೀಬೇಕು. ಇಲ್ಲಂದ್ರ ತಾಟಿನಾಗ ಆನಿ ಇರೂದಿಲ್ಲ."

ಗುರವ್ವ ಒಳಗಿನಿಂದ ಕೂಗಿದಳು: "ಬಿಡವ್ವಾ ನೊಗಾ. ನಿಮ್ಮಪ್ಪ ಸಮುದ್ರದ ಕೂಡನೂ ಚೌಕಾಸಿ ಮಾಡಿ ಬರ್ತಾನ."

ಹಡಗು

ನನ್ನ ಜೊತೆಗೆ ಕಂಪನಿಯ ಇಂಗ್ಲೀಷ್ ಬಲ್ಲ ಕಾರಕೂನ ಗೋವಿಂದರಾಯರು. ರಾಮದುರ್ಗದ ವೈದಿಕರ ಮನೆತನ. ಅಜ್ಜ ಪುರಾಣ ಹೇಳಿದವರು, ಮೊಮ್ಮಗ ಅರಳೆಯ ಕಾಗದ ಬರೆಯುತ್ತಿದ್ದರು. ಹಡಗಿನಲ್ಲೂ ದಿನಾ ಬೆಳಿಗ್ಗೆ ಪಂಚಾಂಗ ತೆಗೆದು, "ಇವತ್ತು ಭಾದ್ರಪದ ಬಹುಳ ಪಂಚಮಿ, ಸಾವಕಾರ್ರ" ಎಂದು ಹೇಳುವರು. ಸುತ್ತ ನೀರು, ಮೇಲೆ ಆಕಾಶ. ನಡುವೆ ಬಹುಳ ಪಂಚಮಿ. ಆ ಒಂದು ಮಾತು ಕೇಳಿದರೆ ನಮ್ಮ ಅಂಗಳದ ತುಳಸಿಕಟ್ಟೆ ಕಣ್ಣಿಗೆ ಕಟ್ಟುತ್ತಿತ್ತು.

ಹೋಗುವವರಿಗೆ ಒಂದು ಬುದ್ಧಿಮಾತು: ರೊಟ್ಟಿಯನ್ನು ಕಟಕ ಮಾಡಿ ಒಯ್ಯಿರಿ, ತಿಂಗಳಾದರೂ ಕೆಡುವುದಿಲ್ಲ. ಚಟ್ನಿಯ ಗಂಟನ್ನು ಮಾತ್ರ ಪೆಟ್ಟಿಗೆಯ ತಳದಲ್ಲಿಡಿರಿ. ನಾನು ಮೇಲಿಟ್ಟಿದ್ದೆ. ಲಿವರ್‌ಪೂಲಿನ ಬಂದರಿನಲ್ಲಿ ಸುಂಕದ ಅಧಿಕಾರಿ ಅದನ್ನು ಬಿಚ್ಚಿ ಮೂಗಿಗೆ ಹಿಡಿದ. ಆಮೇಲೆ ಅವನು ಸೀನಿದ ಸೀನಿಗೆ ನಮ್ಮ ಹಿಂದೆ ನಿಂತವರೆಲ್ಲ ಎರಡು ಹೆಜ್ಜೆ ಸರಿದರು. ಉಳಿದ ಪೆಟ್ಟಿಗೆ ಬಿಚ್ಚಲಿಲ್ಲ, ಕೈಬೀಸಿ ಕಳಿಸಿಬಿಟ್ಟ. ಆ ಲೆಕ್ಕದಲ್ಲಿ ಚಟ್ನಿ ಮೇಲಿದ್ದದ್ದೇ ಒಳ್ಳೆಯದಾಯಿತೇನೋ.

ಲಿವರ್‌ಪೂಲ್, ಇಳಿದ ವಾರ

ನಾವು ಇಳಿದಾಗ ನಮ್ಮಲ್ಲಿ ನವರಾತ್ರಿಯ ಘಟ ಕೂಡಲು ಇನ್ನೂ ಎಂಟು ದಿನವಿತ್ತು. ಆದರೆ ಚಳಿ ಮಾತ್ರ ನಮ್ಮ ಪುಷ್ಯಮಾಸದ್ದು. ಬಾಯಿ ತೆರೆದರೆ ಹೊಗೆ. ಆ ಜನ ಮಾತು ಶುರುಮಾಡುವುದೂ ಹವೆಯಿಂದಲೇ. ನಮ್ಮಲ್ಲಿ "ಊಟಾತ್ರಿ?" ಎನ್ನುವಂತೆ ಅಲ್ಲಿ "ಮಳೆ ಬರುವ ಹಾಗಿದೆ" ಎನ್ನುತ್ತಾರೆ, ಮಳೆ ಬರುತ್ತಿರುವಾಗಲೂ.

ಎರಡನೆಯ ದಿನ ಗೋವಿಂದರಾಯರು ಟಪಾಲಿನ ಕೆಲಸಕ್ಕೆ ಹೋದಾಗ ನಾನೊಬ್ಬನೇ ಪೇಟೆ ನೋಡಲು ಹೊರಟೆ. ಮೂಲೆಯ ಅಂಗಡಿಯ ಗಾಜಿನ ಕಿಟಕಿ ನನ್ನನ್ನು ಹಿಡಿದು ನಿಲ್ಲಿಸಿತು. ಒಳಗೆ ಹಸಿರು ಗಿಡ, ಕೆಂಪು ಕಾಗದದ ಮಾಲೆ, ಬಿಳಿಗಡ್ಡದ ಮುದುಕನ ಬೊಂಬೆ. ನೆಲದ ಮೇಲೆ ಹಿಮವೆಂದು ಹರಡಿದ್ದು ಅರಳೆ. ಗಾಜಿನ ಹೊರಗಿನಿಂದಲೇ ಹೇಳಬಲ್ಲೆ, ಅದೂ ಬೆರಕೆ ಅರಳೆ. ಅದರ ಮೇಲೆ ಸಾಲಾಗಿ ಕುಳಿತದ್ದನ್ನು ಕಂಡು ನನ್ನ ಎದೆ ಒಮ್ಮೆ ಜಿಗಿಯಿತು. ಸಕ್ಕರೆಯ ಬೊಂಬೆಗಳು! ನಮ್ಮ ಹಾಗೆಯೇ ಅಚ್ಚಿನಲ್ಲಿ ಎರೆದದ್ದು. ಆನೆ ಕುದುರೆ ಅಲ್ಲ. ಗುಲಾಬಿ ಬಣ್ಣದ ಇಲಿಗಳು ಮತ್ತು ಹಂದಿಗಳು. ಇಲಿಗೆ ದಾರದ ಬಾಲ.

ಎಷ್ಟು ಹೊತ್ತು ನಿಂತೆನೋ. ನನ್ನ ತಾಯಿ ಪಾಕ ಇಳಿಸುವಾಗ ಬರುತ್ತಿದ್ದ ವಾಸನೆ, ನೆನೆದ ಸಾಗವಾನಿಯ ವಾಸನೆ, ಅಚ್ಚಿನ ದಾರ ಬಿಚ್ಚುವಾಗ ಎಲ್ಲರೂ ಉಸಿರು ಹಿಡಿಯುತ್ತಿದ್ದದ್ದು, ಎಲ್ಲ ಆ ಪರದೇಶದ ಗಾಜಿನೊಳಗೆ ಕಂಡಿತು.

ನಾತಾಳ ಎಂದರೆ ಬೆಳಗಾವಿಯ ದಂಡಿನ ಸಾಹೇಬರ ದೊಡ್ಡ ಹಬ್ಬ, ಅವರು ಕ್ರಿಸ್ಮಸ್ ಎನ್ನುವುದು. ಅದು ಚಳಿಗಾಲದಲ್ಲಿ ಬರುತ್ತದೆಂದು ಕೇಳಿದ್ದೆ. ಇಲ್ಲಿ ಚಳಿ ಇದೆ. ಅಂಗಡಿಯಲ್ಲಿ ಸಕ್ಕರೆಯ ಬೊಂಬೆ ಬಂದಿದೆ. ಸಕ್ಕರೆಯ ಕೆಲಸ ಬಲ್ಲವನಿಗೆ ಇನ್ನೇನು ಬೇಕು? ಹಬ್ಬ ಇನ್ನು ನಾಲ್ಕು ದಿನ, ಬಹಳವೆಂದರೆ ಎಂಟು ದಿನ ಎಂದು ತೀರ್ಮಾನಿಸಿದೆ.

ಒಳಗೆ ಹೋಗಿ ಒಂದು ಇಲಿಯ ಬೆಲೆ ಕೇಳಿದೆ, ಕೈಸನ್ನೆಯಿಂದ. ಅಂಗಡಿಯಾಕೆ ಬೆರಳು ತೋರಿಸಿದಳು. ನಾನು ಅರ್ಧ ಬೆರಳು ಮಡಿಸಿದೆ. ಆಕೆ ನಕ್ಕು ಮತ್ತೆ ಅಷ್ಟೇ ತೋರಿಸಿದಳು. ನಾನು ನಮ್ಮ ಪದ್ಧತಿಯಂತೆ ಬೆನ್ನು ತಿರುಗಿಸಿ ಹೊರಟೆ. ಬಾಗಿಲು ದಾಟಿದೆ, ಕರೆಯಲಿಲ್ಲ. ಹತ್ತು ಹೆಜ್ಜೆ ಹೋದೆ, ಕರೆಯಲಿಲ್ಲ. ಮೂಲೆ ತಿರುಗಿ ಮಳೆಯಲ್ಲಿ ನಿಂತೆ. ಯಾರೂ ಬರಲಿಲ್ಲ. ಕಡೆಗೆ ನಾನೇ ತೋಯ್ದ ರುಮಾಲಿನೊಂದಿಗೆ ವಾಪಸು ಹೋಗಿ ಆಕೆ ಹೇಳಿದಷ್ಟು ಕೊಟ್ಟು ಒಂದು ಇಲಿ ತಂದೆ. ಲಿವರ್‌ಪೂಲಿನಲ್ಲಿ ಅಂಗಡಿ ಬಿಟ್ಟು ಎದ್ದು ಹೋಗುವ ಆಟ ಆಡಬೇಡಿರಿ. ಹೋದರೆ ಹೋದಂತೆಯೇ.

ದಲಾಲರ ಕಚೇರಿ

ಮರುದಿನ ದಲಾಲ ಸಾಹೇಬರನ್ನು ಕಂಡೆವು. ಬಿಳಿ ಹುಬ್ಬಿನ ಮುದುಕ, ಮಾತು ಕಡಿಮೆ. ಹತ್ತು ಮಾದರಿ ಮುಂದಿಟ್ಟರು. ಕಣ್ಣಿಗೆ ವಸ್ತ್ರ ಕಟ್ಟಿಸಿಕೊಂಡು ಹತ್ತನ್ನೂ ಹೇಳಿದೆ. ಕಚೇರಿಯಲ್ಲಿ ಲೇಖನಿಯ ಸದ್ದು ನಿಂತಿತು.

ಇನ್ನು ಕರಾರಿನ ಮಾತು. ನಮ್ಮ ಪೇಟೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ವಸ್ತ್ರದ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಮುಗಿಸುತ್ತೇವೆ. ನಾನು ಅಭ್ಯಾಸಬಲದಿಂದ ಹೆಗಲ ವಸ್ತ್ರ ತೆಗೆದು ಸಾಹೇಬರ ಕೈಮೇಲೆ ಹಾಕಿ ಬೆರಳು ಹಿಡಿದೆ. ಮುದುಕ ಗಾಬರಿಯಾಗಿ ಕೈ ಎಳೆದುಕೊಂಡು ಗೋವಿಂದರಾಯರ ಮುಖ ನೋಡಿದ.

"ಅವ್ರು ಕೇಳ್ತಾರ, ನೀವು ವೈದ್ಯರೇನಂತ," ಎಂದರು ರಾಯರು, ನಗು ತಡೆದು.

ಕಡೆಗೆ ಸಾಹೇಬರು ಹೇಳಿದ್ದು ಇಷ್ಟು: ಬರಲಿರುವ ಹಡಗುಗಳ ಅಂಡಿಗೆಗಳನ್ನೆಲ್ಲ, ಅಂದರೆ ಬಿಗಿದ ಅರಳೆಯ ಮೂಟೆಗಳನ್ನೆಲ್ಲ, ನಾನು ಮುಟ್ಟಿ ಬೇರೆ ಮಾಡಿಕೊಡಬೇಕು. ಹಾಗಾದರೆ ತಕರಾರು ವಾಪಸು. ನಮ್ಮ ಸೀಮೆಯ ಸಾಚಾ ಅರಳೆ ಸಾಚಾ ಎಂದೇ ಹೋಗುತ್ತದೆ.

"ನಾತಾಳದ ತನಕಾ ಇರಬೇಕಂತ, ಸಾವಕಾರ್ರ. ಏನ್ ಹೇಳ್ಲಿ?"

ನನಗೆ ಒಳಗೊಳಗೇ ಹಿಗ್ಗು. ಎಂಟು ದಿನದ ಕೆಲಸಕ್ಕೆ ಇಷ್ಟು ದೊಡ್ಡ ಫಲ! "ಹೂಂ ಅನ್ರಿ, ಹೂಂ ಅನ್ರಿ," ಎಂದೆ.

"ಸ್ವಲ್ಪ ವಿಚಾರ ಮಾಡ್ರೆಲ್ಲ. ಮನ್ಯಾಗ ಏನಂತಾರ?"

"ಏ ರಾಯರ, ಅವ್ರ ಮನಸ್ಸು ತಿರುಗೂದ್ರಾಗ ಮುಗಸ್ರಿ."

ನಾನೇ ಕೈ ಚಾಚಿದೆ. ಮುದುಕ ಗಟ್ಟಿಯಾಗಿ ಹಿಡಿದು ಕುಲುಕಿದ. ಕೈ ಕೊಟ್ಟೆ ಎಂದರೆ ಕೊಟ್ಟೆ. ಬೈಲಹೊಂಗಲದಲ್ಲೂ ಅಷ್ಟೇ, ಲಿವರ್‌ಪೂಲಿನಲ್ಲೂ ಅಷ್ಟೇ.

ಹೊಸ ಧೋತರದ ದಿನ

ನಾಲ್ಕು ದಿನ ಕಳೆಯಿತು. ಹಬ್ಬ ಇವತ್ತೋ ನಾಳೆಯೋ ಎಂದು ನನ್ನ ಅಂದಾಜು. ಹಬ್ಬದ ದಿನ, ನಾವು ಬಾಡಿಗೆಗೆ ಇಳಿದುಕೊಂಡಿದ್ದ ಮನೆಯ ಒಡತಿಗೆ ಬರಿಗೈಲಿ ಮುಖ ತೋರಿಸುವುದು ಸರಿಯಲ್ಲ. ಬೆಳಿಗ್ಗೆ ಎದ್ದು, ತಣ್ಣೀರಲ್ಲಿ ಸ್ನಾನ ಮಾಡಿ ನಡುಗುತ್ತ, ಹಣೆಗೆ ವಿಭೂತಿ ಹಚ್ಚಿ, ಪೆಟ್ಟಿಗೆಯಿಂದ ಜರಿಯಂಚಿನ ಹೊಸ ಧೋತರ ಉಟ್ಟು, ರುಮಾಲು ಸುತ್ತಿದೆ. ಸಕ್ಕರೆಯ ಇಲಿಯನ್ನು ತಾಟಿನಲ್ಲಿಟ್ಟುಕೊಂಡು ಅಡಿಗೆಮನೆಗೆ ಹೋದೆ.

ಆಕೆ ಬಟಾಟೆ ಹೆರೆಯುತ್ತ ಕುಳಿತಿದ್ದಳು. ಐವತ್ತು ದಾಟಿದ ವಿಧವೆ, ಒಳ್ಳೆಯ ಹೆಂಗಸು. ನಾನು ತಾಟು ಮುಂದೆ ಮಾಡಿ, ಕಲಿತಿದ್ದ ಎರಡು ಇಂಗ್ಲೀಷ್ ಮಾತಿಗೆ ನಮ್ಮದೊಂದು ಸೇರಿಸಿ ಹಬ್ಬದ ಶುಭ ಹೇಳಿದೆ. ಆಕೆ ಇಲಿಯನ್ನು ನೋಡಿದಳು, ನನ್ನ ಧೋತರ ನೋಡಿದಳು. ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಬಟಾಟೆ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಕೈ ಒರೆಸಿಕೊಂಡು, ನನ್ನ ತೋಳು ಹಿಡಿದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದಳು.

ಅಂದಿನ ದಿನದ ಮೇಲೆ ಬೆರಳಿಟ್ಟಳು. ಹಾಳೆ ಎತ್ತಿದಳು. ಇಡೀ ತಿಂಗಳು. ಮತ್ತೊಂದು ಹಾಳೆ ಎತ್ತಿದಳು. ಬೆರಳು ಸಾಲು ಸಾಲಾಗಿ ಕೆಳಗಿಳಿಯಿತು. ಇನ್ನೇನು ಹಾಳೆ ಮುಗಿಯಬೇಕು, ಅಲ್ಲಿ ನಿಂತಿತು.

ಆ ಬೆರಳು ಇಳಿದಂತೆ ನನ್ನ ಎದೆಯೂ ಇಳಿಯಿತು. ನಾನು ಕೈ ಕೊಟ್ಟದ್ದು ಎಂಟು ದಿನಕ್ಕಲ್ಲ.

ಗೋವಿಂದರಾಯರು ಮಹಡಿಯಿಂದ ಇಳಿದು ಬಂದರು. "ಏನ್ರಿ ಇದು, ಮದುವಿ ಗಂಡಿನ ಹಂಗ?"

"ರಾಯರ, ಗೌರಿ ಹುಣ್ಣಿಮಿ ಮೊದಲೋ, ನಾತಾಳ ಮೊದಲೋ?"

"ಗೌರಿ ಹುಣ್ಣಿಮಿ ಆಗಿ ತಿಂಗಳ ಮ್ಯಾಲೆ ಆಗ್ತದ ನಾತಾಳ. ಯಾಕ್ರಿ?"

"ಮತ್ತ ಅಂದು ಯಾಕ ಹೇಳಲಿಲ್ಲ?"

"ವಿಚಾರ ಮಾಡ್ರಿ ಅಂದೆ. ಮುಗಸ್ರಿ ಅಂದ್ರಿ. ನಿಮಗ ಗೊತ್ತದ ಅಂತ ತಿಳಕೊಂಡೆ."

ಮೂವತ್ತು ವರ್ಷ ವ್ಯಾಪಾರ ಮಾಡಿದ ನಾನು ಅಂಗಡಿಯ ಕಿಟಕಿ ನೋಡಿ ತಿಥಿ ಗೊತ್ತುಮಾಡಿದ್ದೆ. ನನಗೆ ಸಿಟ್ಟು ಬಂತು, ಆ ಅಂಗಡಿಯವರ ಮೇಲೆ. "ಕೇಳ್ರಿ ಆಕೀನ್ನ, ಹಬ್ಬಾ ಅಷ್ಟು ದೂರ ಇದ್ರ ಈಗಽ ಯಾಕ ಸಾಮಾನು ಹಚ್ಚತಾರಂತ. ಇದೆಂಥಾ ಪೇಟಿ?"

ರಾಯರು ಕೇಳಿದರು. ಆಕೆ ನಗುವುದನ್ನು ಬಿಟ್ಟು ಕಪಾಟು ತೆರೆದಳು. ಒಂದು ತಗಡಿನ ಡಬ್ಬಿ. ಅದರಲ್ಲಿ ಉಣ್ಣೆಯ ಕಾಲುಚೀಲ, ಒಣದ್ರಾಕ್ಷಿಯ ಕರಿಯ ಸಿಹಿ, ಮತ್ತು ಕಾಗದದಲ್ಲಿ ಸುತ್ತಿದ ಎರಡು ಸಕ್ಕರೆಯ ಇಲಿ. ಮೇಲೆ ವಿಳಾಸ ಬರೆದು ಆಗಿತ್ತು.

"ಆಕಿ ಮಗಾ ಬರ್ಮಾದಾಗ ಇದ್ದಾನಂತ, ಉಗಿಬಂಡಿ ಕೆಲಸಕ್ಕ," ಎಂದರು ರಾಯರು. "ಹಬ್ಬಕ್ಕ ಮುಟ್ಟಬೇಕಂದ್ರ ಈ ವಾರದ ಟಪಾಲಿಗಽ ಹೋಗಬೇಕಂತ. ಅಂಗಡಿಯವ್ರು ಮುಂಚೆ ಹಚ್ಚೂದು ಇಂಥಾವ್ರ ಸಲುವಾಗಿ ಅಂತಾಳ. ಹೋದ ವರ್ಷ ತಡಾ ಮಾಡಿದ್ಲಂತ. ಹಬ್ಬ ಆದ ಮ್ಯಾಲೆ ಮುಟ್ತಂತ."

ನಾನು ಇಲಿಯ ತಾಟು ಹಿಡಿದು ನಿಂತೇ ಇದ್ದೆ. ಆಕೆ ನನ್ನ ಇಲಿಯನ್ನೂ ತೆಗೆದು, ಕಾಗದ ಸುತ್ತಿ, ಡಬ್ಬಿಯಲ್ಲಿ ಮೂರನೆಯದಾಗಿ ಇಟ್ಟಳು.

ಕೈ ಬಿಟ್ಟು ಹೋದದ್ದು

ಎರಡು ಮಾತು ಕೊಟ್ಟಿದ್ದೆ. ಒಂದು ಬಿಳಿ ಹುಬ್ಬಿನ ಮುದುಕನಿಗೆ, ಒಂದು ನೊಗ ಹಿಡಿದು ನಿಂತ ಮಗಳಿಗೆ. ಎರಡೂ ಉಳಿಯುವ ದಾರಿ ಹುಡುಕುತ್ತ ಮೂರು ದಿನ ಅಂಡಿಗೆ ಮುಟ್ಟಿದೆ; ಮನಸ್ಸು ಅಲ್ಲಿರಲಿಲ್ಲ. ನಾಲ್ಕನೆಯ ದಿನ ದಲಾಲರ ಮುಂದೆ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಿಸಿದೆ. ಕಿಟಕಿ, ಸಕ್ಕರೆಯ ಇಲಿ, ಧೋತರ, ಕ್ಯಾಲೆಂಡರು, ನೀಲವ್ವನ ಆನೆ, ಎಲ್ಲ. ಮುದುಕ ನಗಲಿಲ್ಲ. ಒಂದೇ ಮಾತು ಹೇಳಿದ.

"ಹೋಗಬಹುದಂತ," ಎಂದರು ರಾಯರು. "ಆದ್ರ ನಿಮ್ಮ ಕೈ ಇಲ್ಲೇ ಬಿಟ್ಟು ಹೋಗಬೇಕಂತ."

ವ್ಯಾಪಾರಿಗೆ ವ್ಯಾಪಾರಿಯ ಮಾತು ಬೇಗ ತಿಳಿಯುತ್ತದೆ. ನನ್ನ ವಿದ್ಯೆ ಕೇಳುತ್ತಿದ್ದ.

ರಾಯರು ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಕೊಡಬ್ಯಾಡ್ರಿ. ಇದನ್ನ ಕಲಿಸಿದ್ರ ಮುಂದ ನಿಮ್ಮನ್ನ ಯಾರು ಕರೀತಾರ? ನಿಮ್ಮ ಅನ್ನದ ದಾರಿ ಇದು. ಹುಣ್ಣಿಮಿ ಮುಂದಿನ ವರ್ಷನೂ ಬರ್ತದ."

"ಹುಣ್ಣಿಮಿ ಬರ್ತದ್ರಿ ರಾಯರ. ಆಕಿ ನಮ್ಮನ್ಯಾಗ ಇರೂದಿಲ್ಲ."

ಹತ್ತು ದಿನ ಕಲಿಸಿದೆ. ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯುವುದು. ಎಳೆ ಹರಿಯುವ ಸದ್ದನ್ನು ಕಿವಿಯ ಹತ್ತಿರ ಕೇಳುವುದು. ಮೇಲ್ತುಟಿಗೆ ಸವರಿ ನೋಡುವುದು. ಮೀಸೆ ಇದ್ದರೆ ತುಟಿಗೆ ತಿಳಿಯುವುದಿಲ್ಲ ಎಂದೆ. ಮರುದಿನ ಮುದುಕ ಮೀಸೆ ಬೋಳಿಸಿಕೊಂಡು ಬಂದ! ಕಲಿಯುವ ಆಸೆ ಎಂದರೆ ಅದು. ನಮ್ಮಲ್ಲಿ ಯಾರಿಗಾದರೂ ಹೇಳಿ ನೋಡಿರಿ.

ಹತ್ತನೆಯ ದಿನ ಅವನೇ ಕಣ್ಣಿಗೆ ವಸ್ತ್ರ ಕಟ್ಟಿಸಿಕೊಂಡ. ಹತ್ತು ಮಾದರಿಯಲ್ಲಿ ಒಂಬತ್ತು ಸರಿ. ವಸ್ತ್ರ ಬಿಚ್ಚಿ, ಅದನ್ನೇ ನಮ್ಮಿಬ್ಬರ ಕೈಮೇಲೆ ಹಾಕಿ, ಅದರ ಕೆಳಗೆ ನನ್ನ ಐದೂ ಬೆರಳನ್ನು ಹಿಡಿದು ಒತ್ತಿದ. ಪೂರಾ ಸಂದಾಯವಾಯಿತು ಎಂದು ಅದರ ಅರ್ಥ. ಆ ಸನ್ನೆಯನ್ನು ಅವನಿಗೆ ನಾನು ಕಲಿಸಿರಲಿಲ್ಲ.

ಉಳಿದ ಅಂಡಿಗೆಗಳಿಗೆ ಅವನೂ ಕಾಗದಪತ್ರಕ್ಕೆಂದು ಅಲ್ಲೇ ಉಳಿದ ಗೋವಿಂದರಾಯರೂ ಆದರು. ಹೊರಡುವ ಮುನ್ನ ಅದೇ ಅಂಗಡಿಗೆ ಹೋಗಿ ನೀಲವ್ವನಿಗೆಂದು ಇಲಿಗಳನ್ನು ಆರಿಸುತ್ತಿದ್ದೆ. ಚಂದವಾಗಿದ್ದವೆಂದು ಎರಡು ಹಂದಿಗೂ ಕೈ ಹಾಕಿದೆ.

"ಹಂದಿ ಬ್ಯಾಡ್ರಿ ಸಾವಕಾರ್ರ," ಎಂದರು ರಾಯರು. "ಇಲಿ ಆದ್ರ ಗಣಪತಿ ಹೆಸರು ಹೇಳಿ ಒಳಗ ಬಿಟ್ಕೋತಾರ."

ಚೌಕಾಸಿ ಮಾಡದೆ ಇಡೀ ಒಂದು ಡಬ್ಬಿ ಇಲಿ ಕೊಂಡೆ. ನನ್ನ ಆಯುಷ್ಯದಲ್ಲಿ ಅದೊಂದೇ ಸಲ.

ಕೆಂಪು ಸಮುದ್ರ

ದಸರೆಯಾದ ಮೇಲೆ ಬರುವ ಸೀಗಿ ಹುಣ್ಣಿಮೆಯ ದಿನ ಹಡಗು ಬಿಟ್ಟಿತು. ಮುಂದಿನದೇ ಗೌರಿ ಹುಣ್ಣಿಮೆ, ಅದರೊಳಗೆ ಮನೆ. ಪಂಚಾಂಗ ಹೇಳಲು ರಾಯರಿಲ್ಲ. ಚಂದ್ರನನ್ನೇ ನೋಡಿಕೊಂಡು ದಿನ ಎಣಿಸಿದೆ. ಅವನು ಕರಗಿದ, ಇಲ್ಲವಾದ. ಆ ದಿನ ನಮ್ಮಲ್ಲಿ ದೀಪಾವಳಿ ಎಂದುಕೊಂಡು ಡೆಕ್ಕಿನ ಮೇಲೆ ಸುಮ್ಮನೆ ಕುಳಿತೆ. ಮತ್ತೆ ಎಳೆಯಾಗಿ ಹುಟ್ಟಿದ.

ಕೆಂಪು ಸಮುದ್ರದ ಸೆಕೆಯಲ್ಲಿ ಒಂದು ಬೆಳಿಗ್ಗೆ ಡಬ್ಬಿ ತೆರೆದರೆ ಒಳಗೆ ಒಂದೂ ಇಲಿ ಇಲ್ಲ. ಎಲ್ಲ ಬೆವರಿ, ಒಂದಕ್ಕೊಂದು ಅಂಟಿ, ಗುಲಾಬಿ ಬಣ್ಣದ ಒಂದೇ ಮುದ್ದೆ. ಸುತ್ತಲೂ ದಾರದ ಬಾಲಗಳು. ಸಕ್ಕರೆಯ ಕೆಲಸ ಮಾಡಿದವನೇ ಸಕ್ಕರೆಯನ್ನು ಹೀಗೆ ತಂದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ನೀವು ತರುವುದಾದರೆ ಅರಳೆಯಲ್ಲಿ ಸುತ್ತಿ ತನ್ನಿರಿ. ಅರಳೆಯ ವ್ಯಾಪಾರಿಗೆ ಅದು ಹೊಳೆಯಲಿಲ್ಲ, ನೋಡಿರಿ.

ನೇಸರಗಿ

ಮುಂಬಯಿಯಲ್ಲಿ ಎರಡು ದಿನ ಕೈಯಲ್ಲಿಟ್ಟುಕೊಂಡೇ ಇಳಿದೆ. ಆದರೆ ಪ್ಲೇಗಿನ ತಪಾಸಣೆಯವರು ನೆಗಡಿಯಿಂದ ಬಿಸಿಯಾದ ನನ್ನ ಮೈ ಮುಟ್ಟಿ ತಡೆದರು. ಆ ಎರಡು ದಿನ ಅಲ್ಲೇ ಹೋಯಿತು. ಬೆಳಗಾವಿಯಲ್ಲಿ ರೈಲು ಇಳಿದು ಬಂಡಿ ಹಿಡಿದಾಗ ಹುಣ್ಣಿಮೆಯ ಬೆಳಗು. ಬಂಡಿಯ ಯಲ್ಲಪ್ಪನಿಗೆ ದಾರಿಯುದ್ದಕ್ಕೂ ಅವಸರ ಹಚ್ಚಿದೆ. ನೇಸರಗಿ ಮುಟ್ಟಿದಾಗ ಸೂರ್ಯ ಮುಳುಗುತ್ತಿದ್ದ. ಎತ್ತು ನಿಂತುಬಿಟ್ಟವು.

"ಇನ್ನ ಆಗೂದಿಲ್ರಿ ಸಾವಕಾರ್ರ. ಕಾಲು ಸೋತಾವು. ಮುಂಜಾನಿ ಹೋಗೂಣು."

"ಇವತ್ತ ಹುಣ್ಣಿಮಿ ಐತೋ ಯಲ್ಲಪ್ಪಾ."

"ಅದು ಎತ್ತಿಗಿ ಏನ್ ಗೊತ್ರಿ? ನೀವಽ ಹೇಳಿ ನೋಡ್ರಿ."

ಅಷ್ಟರಲ್ಲಿ ಓಣಿಯಿಂದ ಹಾಡು ಕೇಳಿತು. ಹೊಸ ಸೀರೆಯ ಹುಡುಗಿಯರು ತಾಟು ಹಿಡಿದು ಸಾಲಾಗಿ ಬಂದರು. ದೀಪದ ಬೆಳಕಿಗೆ ಸಕ್ಕರೆಯ ಆನೆಗಳು ಒಳಗಿನಿಂದ ಹೊಳೆಯುತ್ತಿದ್ದವು. ನಾನು ಬಂಡಿ ಇಳಿದು ಗೋಡೆಗೆ ಆತು ನಿಂತೆ. ಪಾಕ ಸ್ವಲ್ಪ ಹೆಚ್ಚಾಗಿದೆ, ಸೊಂಡಿಲು ದಪ್ಪವಾಯಿತು ಎಂದು ಕಣ್ಣು ತನ್ನ ಕೆಲಸ ಮಾಡುತ್ತಿತ್ತು. ಸಮುದ್ರ ದಾಟಿ ಬಂದವನು ನೇಸರಗಿ ದಾಟಲಾರದೆ ನಿಂತಿದ್ದೆ.

ಮತ್ತೆ ಬೈಲಹೊಂಗಲ

ಮರುದಿನ ಬಿಸಿಲೇರುವ ಹೊತ್ತಿಗೆ ಮನೆಯ ಮುಂದೆ ಬಂಡಿ ನಿಂತಿತು. ನೀಲವ್ವ ಬಾಗಿಲಿಗೆ ಬಂದಳು.

"ಬಂದ್ಯಾ ಯಪ್ಪಾ? ಸೊರಗೀ."

ಅಷ್ಟೇ. ಅಳಲಿಲ್ಲ, ಸಿಟ್ಟಾಗಲಿಲ್ಲ. ಅದು ನನಗೆ ಹೆಚ್ಚು ಕಠಿಣವಾಯಿತು. ದೇವರ ಮುಂದೆ ಅವಳ ತಾಟು ಇನ್ನೂ ಇತ್ತು. ಸುತ್ತಲೂ ಕುದುರೆ, ನವಿಲು, ಗೋಪುರ. ನಡುವೆ ಆನೆಯ ಜಾಗದಲ್ಲಿ ಒಂದು ವೀಳ್ಯದೆಲೆ.

"ಎಲ್ರೂ ಕೇಳಿದ್ರು, ಆನಿ ಎಲ್ಲೆ ಅಂತ," ಎಂದಳು ಗುರವ್ವ. "ಹಡಗಿನ್ಯಾಗ ಬರಾಕ ಹತ್ತೇತಿ ಅಂದ್ಲು ಇಕಿ."

ನಾನು ಡಬ್ಬಿ ತೆರೆದು ಮುದ್ದೆ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಧೋತರದ ಮಾತಿಗೆ ಬಂದಾಗ ನೀಲವ್ವ ಸೆರಗು ಬಾಯಿಗೆ ಹಿಡಿದಳು. ಗುರವ್ವ ಮಾತ್ರ ಮುದ್ದೆಯನ್ನು ದೂರ ಸರಿಸಿದಳು.

"ವಿಲಾಯತಿ ಸಕ್ರಿ ಎಲುಬಿನ ಬೂದ್ಯಾಗ ಸೋಸ್ತಾರಂತ. ಗೌರಿಗಿ ನಡಿಯೂದಿಲ್ಲ."

"ಗೌರಿ ನಿನ್ನಿ ಬೆಳಗಿಸಿಕೊಂಡು ಹೋದ್ಲು ಯವ್ವಾ," ಎಂದಳು ನೀಲವ್ವ. "ಇದು ನಂದು. ಯಪ್ಪಾ, ನಡಿ, ಹಿತ್ತಲದಾಗ ಒಲಿ ಹೂಡ್ತೇನಿ."

ಅಚ್ಚನ್ನು ಅವಳು ನಾಲ್ಕು ದಿನದಿಂದ ನೀರಲ್ಲಿ ನೆನೆಹಾಕಿಯೇ ಇಟ್ಟಿದ್ದಳು. ಮುದ್ದೆ ಕರಗಿಸಿದೆ, ಪಾಕ ಬಂತು, ಅಚ್ಚಿಗೆ ದಾರ ಬಿಗಿದು ಎರೆದೆ. ಬಿಚ್ಚುವಾಗ ಇಬ್ಬರೂ ಉಸಿರು ಹಿಡಿದೆವು. ಗುಲಾಬಿ ಬಣ್ಣದ ಆನೆ! ಬಾಲದ ತುದಿಯ ತನಕ ಪಾಕ ಇಳಿದಿರಲಿಲ್ಲ. ಬಾಲ ಮುರಿದು ಅಚ್ಚಿನಲ್ಲೇ ಉಳಿಯಿತು. ನೀಲವ್ವ ಡಬ್ಬಿಯಿಂದ ಇಲಿಯ ಬಾಲದ ದಾರವೊಂದನ್ನು ಹುಡುಕಿ, ಬಿಸಿಯಿರುವಾಗಲೇ ಒತ್ತಿ ಹಚ್ಚಿದಳು. ವೀಳ್ಯದೆಲೆಯ ಮೇಲೆ ಅದನ್ನು ಕೂಡಿಸಿ ನಟ್ಟ ಮಧ್ಯಾಹ್ನ ದೀಪ ಹಚ್ಚಿದಳು. ಗುರವ್ವ ಗೊಣಗುತ್ತಲೇ ಬಂದು ನಿಂತಳು, ಗೊಣಗುತ್ತಲೇ ಹಾಡಿನ ಮೊದಲ ಸಾಲು ಎತ್ತಿದಳು.

ಲಿವರ್‌ಪೂಲಿನಿಂದ ನನಗೆ ಮತ್ತೆ ಕರೆ ಬರಲಿಲ್ಲ. ರಾಯರು ಹೇಳಿದಂತೆಯೇ ಆಯಿತು. ನೀಲವ್ವ ರಾಮದುರ್ಗಕ್ಕೆ ಹೋಗಿ ಈಗ ಕೆಲವು ವರ್ಷ. ಉಳಿದ ಅಚ್ಚುಗಳನ್ನು ಅವಳಿಗೇ ಕೊಟ್ಟೆ. ಆನೆಯದು ಮಾತ್ರ ನನ್ನ ಹತ್ತಿರ ಇದೆ. ದಸರೆಗೆ ಬನ್ನಿ ಮುಡಿದ ಮರುವಾರವೇ, ಹುಣ್ಣಿಮೆ ಇನ್ನೂ ತಿಂಗಳಿರುವಾಗ, ಅಂಗಡಿಯ ಕಟ್ಟೆಯ ಮೇಲೆ ಒಲೆ ಹೂಡಿ ಆನೆ ಎರೆಯುತ್ತೇನೆ. ಬೆರಕೆಯಿಲ್ಲದ ಅರಳೆಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಸವದತ್ತಿಗೆ ಹೋಗುವ ಬಂಡಿಯವನ ಕೈಗೆ ಕೊಡುತ್ತೇನೆ. ಅಲ್ಲಿಂದ ಮುಂದೆ ಹೊಳೆ ತುಂಬಿದ್ದರೆ ಮೂರು ದಿನ, ಐದು ದಿನ, ಎಷ್ಟು ನಿಲ್ಲುತ್ತದೋ.

ಪೇಟೆಯವರು ದಾಟಿಹೋಗುವಾಗ ನಿಂತು ನಗುತ್ತಾರೆ. "ಏನ್ರಿ ಸಾವಕಾರ್ರ, ವಿಲಾಯತಿಗಿ ಹೋಗಿಬಂದು ಪಂಚಾಂಗ ಮರತ್ರೇನು? ಹುಣ್ಣಿಮಿ ಇನ್ನಾ ಎಲ್ಲೈತಿ?"

"ಹುಣ್ಣಿಮಿ ಹತ್ರಽ ಐತೋ ತಮ್ಮಾ," ಎನ್ನುತ್ತೇನೆ ದಾರ ಬಿಗಿಯುತ್ತ. "ರಾಮದುರ್ಗ ದೂರ ಐತಿ."